ಸ್ಥಾವರ ತಂತ್ರಾಂಶ ಮತ್ತು ಜಂಗಮ ತಂತ್ರಾಂಶ

(ಅಂತಿಮ ಬಿ.ಎ. ವಿದ್ಯಾರ್ಥಿ)

ಜಮೀನಿನ ಪತ್ರಗಳನ್ನು ನೋಡಿ ಬಲ್ಲವರಿಗೆ ‘ಸ್ಥಾವರ’, ‘ಜಂಗಮ’ ಎಂಬ ಎರಡು ಮಾತುಗಳ ಪರಿಚಯ ಇದ್ದೇ ಇರುತ್ತದೆ. ಹೊಲ, ಗದ್ದೆ, ಮನೆ, ಬಾವಿ ಇವು ಸ್ಥಾವರ ಸ್ವತ್ತು. ನೆಲಕ್ಕೆ ಅಂಟಿಕೊಂಡು ನಿಂತಂಥವು. ದನಕರು, ಗಾಡಿ, ಪಾತ್ರೆಪಡಗ ಇವು ಜಂಗಮ ಸ್ವತ್ತು. ಒಡೆಯನು ಹೋದಲ್ಲಿಗೆ ಜೊತೆಯಲ್ಲಿ ಹೋಗುವಂಥವು. ಗಣಕಯಂತ್ರದಲ್ಲಿ ಕೆಲಸಮಾಡುವ ತಂತ್ರಾಂಶಗಳಲ್ಲಿಯೂ ಇಂಥವೇ ಎರಡು ಬಗೆಗಳುಂಟು. ಒಂದು, ಯಂತ್ರದೊಳಗೆ ‘ಇನ್‌ಸ್ಟಾಲ್’ ಮಾಡಿ ನೆಲೆಗೊಳಿಸಬೇಕಾದದ್ದು. ಇನ್ನೊಂದು, ಪೆನ್ ಡ್ರೈವಿನಲ್ಲಿ ಹಾಕಿಕೊಂಡು ಹೋಗಿ ಯಾವ ಯಂತ್ರದಲ್ಲಿಯಾದರೂ ನೇರವಾಗಿ ನಡೆಸಬಹುದಾದದ್ದು. ಈ ಎರಡನೆಯದನ್ನು ಸಾಮಾನ್ಯವಾಗಿ ‘ಪೋರ್ಟಬಲ್’ ಎನ್ನುತ್ತಾರೆ. ಈ ಲೇಖನದಲ್ಲಿ ಮೊದಲನೆಯದನ್ನು ಸ್ಥಾವರ ತಂತ್ರಾಂಶವೆಂದೂ ಎರಡನೆಯದನ್ನು ಜಂಗಮ ತಂತ್ರಾಂಶವೆಂದೂ ಕರೆಯುತ್ತೇನೆ.

ಕಲಾವಿಭಾಗದ ವಿದ್ಯಾರ್ಥಿಗೆ ಈ ವಿಚಾರವೇಕೆಂದು ಕೆಲವರು ಕೇಳಬಹುದು. ನಮ್ಮ ಕಾಲೇಜಿಗೆ ಹಾಸನದವರಲ್ಲದೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಯಿಂದಲೂ ಬಸ್ಸಿನಲ್ಲಿ, ರೈಲಿನಲ್ಲಿ ದಿನವೂ ಬಂದುಹೋಗುವವರಿದ್ದಾರೆ. ಅವರಲ್ಲಿ ಸ್ವಂತ ಗಣಕಯಂತ್ರವುಳ್ಳವರು ಕಡಮೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಪುಸ್ತಕ, ಬಸ್ ಪಾಸುಗಳ ಖರ್ಚು ಕಳೆದ ಮೇಲೆ ಯಂತ್ರ ಕೊಳ್ಳುವ ಮಾತು ಮನೆಯಲ್ಲಿ ಇದುವರೆಗೆ ಎದ್ದಿಲ್ಲ. ಇಂಥ ವಿದ್ಯಾರ್ಥಿಯು ಒಂದೇ ಪ್ರಬಂಧವನ್ನು ಕಾಲೇಜಿನ ಪ್ರಯೋಗಾಲಯದಲ್ಲಿ ಆರಂಭಿಸಿ, ಸ್ನೇಹಿತನ ಲ್ಯಾಪ್‌ಟಾಪಿನಲ್ಲಿ ಮುಂದುವರಿಸಿ, ನೆಂಟರ ಮನೆಯ ಹಳೆಯ ಯಂತ್ರದಲ್ಲಿ ತಿದ್ದಿ, ಕೊನೆಗೆ ಊರಿನ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿಕೊಳ್ಳುತ್ತಾನೆ. ನಾಲ್ಕು ಯಂತ್ರ, ನಾಲ್ವರು ಒಡೆಯರು. ಆದಕಾರಣ ಯಾವ ತಂತ್ರಾಂಶ ಎಲ್ಲಿ ನೆಲೆಸುತ್ತದೆ, ಯಾವುದು ನಮ್ಮೊಡನೆ ಬರುತ್ತದೆ ಎಂಬ ಪ್ರಶ್ನೆ ನಮಗೆ ಬರಿಯ ಶಾಸ್ತ್ರಚರ್ಚೆಯಲ್ಲ. ಸಕಾಲಕ್ಕೆ ಪ್ರಬಂಧ ಒಪ್ಪಿಸಲಾಗುವುದೇ ಇಲ್ಲವೆ ಎಂಬ ಪ್ರಶ್ನೆ.

೧. ಸ್ಥಾವರವೆಂದರೇನು?

ತಂತ್ರಾಂಶವನ್ನು ಇನ್‌ಸ್ಟಾಲ್ ಮಾಡುವಾಗ ನಡೆಯುವುದೇನು? ಪರದೆಯ ಮೇಲೆ ‘ನೆಕ್ಸ್ಟ್, ನೆಕ್ಸ್ಟ್’ ಎಂದು ಒತ್ತುತ್ತ ಹೋಗುವ ನಮಗೆ ಒಳಗಿನ ಕೆಲಸ ಕಾಣುವುದಿಲ್ಲ. ವಿಂಡೋಸ್ ಯಂತ್ರದಲ್ಲಿ ಸಾಮಾನ್ಯವಾಗಿ ನಾಲ್ಕು ಕೆಲಸಗಳು ನಡೆಯುತ್ತವೆ. ಮೊದಲನೆಯದಾಗಿ, ತಂತ್ರಾಂಶದ ಮುಖ್ಯ ಕಡತಗಳು ‘ಪ್ರೋಗ್ರಾಂ ಫೈಲ್ಸ್’ ಎಂಬ ಫೋಲ್ಡರಿನಲ್ಲಿ ಕೂಡುತ್ತವೆ. ಎರಡನೆಯದಾಗಿ, ಹಲವು ತಂತ್ರಾಂಶಗಳು ಹಂಚಿಕೊಂಡು ಬಳಸುವ ಕಡತಗಳು ವಿಂಡೋಸಿನ ಸ್ವಂತ ಫೋಲ್ಡರಿಗೆ ಸೇರಬಹುದು. ಮೂರನೆಯದಾಗಿ, ‘ರಿಜಿಸ್ಟ್ರಿ’ ಎಂಬ ದಾಖಲೆಯಲ್ಲಿ ಈ ತಂತ್ರಾಂಶದ ಹೆಸರು, ವಿಳಾಸ, ಯಾವ ಬಗೆಯ ಕಡತಗಳನ್ನು ಅದು ತೆರೆಯಬೇಕೆಂಬ ವಿವರ, ಇವೆಲ್ಲ ಬರೆಯಲ್ಪಡುತ್ತವೆ. ನಾಲ್ಕನೆಯದಾಗಿ, ಬಳಸುವವನ ಇಷ್ಟಾನುಸಾರದ ಏರ್ಪಾಡುಗಳು ಅವನ ಖಾತೆಯ ಫೋಲ್ಡರಿನಲ್ಲಿ ಉಳಿಯುತ್ತವೆ.

ಈ ರಿಜಿಸ್ಟ್ರಿಯನ್ನು ಹಿಂದಿನ ಕಾಲದ ಶಾನುಭೋಗರ ದಫ್ತರಕ್ಕೆ ಹೋಲಿಸಬಹುದು. ಊರಿನಲ್ಲಿ ಯಾರ ಜಮೀನು ಎಲ್ಲಿದೆ, ಎಲ್ಲೆ ಯಾವುದು ಎಂಬುದೆಲ್ಲ ಆ ದಫ್ತರದಲ್ಲಿ ಇರುತ್ತಿತ್ತು. ೧೯೯೫ರಲ್ಲಿ ವಿಂಡೋಸ್ ೯೫ ಬಂದಂದಿನಿಂದ ಈ ರಿಜಿಸ್ಟ್ರಿಯು ವಿಂಡೋಸಿನ ಮುಖ್ಯ ದಾಖಲೆಯಾಗಿ ನಿಂತಿದೆ. ಸ್ಥಾವರ ತಂತ್ರಾಂಶದ ಫೋಲ್ಡರನ್ನು ಮಾತ್ರ ನಕಲು ಮಾಡಿ ಬೇರೆ ಯಂತ್ರಕ್ಕೆ ಒಯ್ದರೆ ಅದು ಅನೇಕ ವೇಳೆ ಏಕೆ ಏಳುವುದಿಲ್ಲವೆಂಬುದು ಇದರಿಂದ ತಿಳಿಯುತ್ತದೆ. ಮನೆಯ ಕಲ್ಲು ಮರಗಳನ್ನು ಬಿಚ್ಚಿ ಒಯ್ದರೂ ಹೊಸ ಊರಿನ ದಫ್ತರದಲ್ಲಿ ಅದರ ಹೆಸರಿಲ್ಲ. ಹಳೆಯ ಊರಿನಲ್ಲಿ ನೀರು ತರುತ್ತಿದ್ದ ಬಾವಿಯೂ ಅಲ್ಲಿಲ್ಲ.

ಹಂಚಿಕೆಯ ಕಡತಗಳ ವಿಷಯವೂ ಗಮನಾರ್ಹವಾದದ್ದು. ಇವನ್ನು ‘ಡಿ.ಎಲ್.ಎಲ್.’ ಕಡತಗಳೆನ್ನುತ್ತಾರೆ. ೧೯೮೩ರ ಐ.ಬಿ.ಎಂ. ಪಿ.ಸಿ. ಎಕ್ಸ್.ಟಿ. ಯಂತ್ರದಲ್ಲಿದ್ದ ಹಾರ್ಡ್ ಡಿಸ್ಕಿನ ಧಾರಣಶಕ್ತಿ ೧೦ ಮೆಗಾಬೈಟ್. ಇಂದಿನ ಫೋನಿನಲ್ಲಿ ತೆಗೆದ ಎರಡು ಮೂರು ಚಿತ್ರಗಳಿಗೆ ಅದು ತುಂಬಿಹೋಗುತ್ತದೆ. ಸ್ಥಳವು ಅಷ್ಟು ದುಬಾರಿಯಾಗಿದ್ದ ದಿನಗಳ ಅಭ್ಯಾಸದಲ್ಲಿ, ಒಂದೇ ಕಡತವನ್ನು ಹತ್ತು ತಂತ್ರಾಂಶಗಳು ಹಂಚಿಕೊಳ್ಳುವುದು ಜಾಣತನವೆನಿಸಿತು. ಇಡೀ ಊರಿಗೆ ಒಂದು ಬಾವಿ ಇದ್ದಂತೆ. ಆದರೆ ಹೊಸದಾಗಿ ಬಂದ ತಂತ್ರಾಂಶವೊಂದು ಆ ಹಂಚಿಕೆಯ ಕಡತವನ್ನು ತನಗೆ ಬೇಕಾದಂತೆ ಬದಲಾಯಿಸಿದರೆ ಮೊದಲಿನಿಂದ ಇದ್ದವು ಕೆಡುತ್ತಿದ್ದವು. ೧೯೯೦ರ ದಶಕದಲ್ಲಿ ಈ ಕಾಟ ಎಷ್ಟು ಹೆಚ್ಚಿತೆಂದರೆ, ತಂತ್ರಜ್ಞರು ಅದಕ್ಕೆ ‘ಡಿ.ಎಲ್.ಎಲ್. ನರಕ’ವೆಂದೇ ಹೆಸರಿಟ್ಟರು.

೨. ಜಂಗಮ: ಹೊಸ ಹೆಸರಿನ ಹಳೆಯ ಪದ್ಧತಿ

ಜಂಗಮ ತಂತ್ರಾಂಶವು ಈಚಿನ ಸೃಷ್ಟಿಯೆಂದು ಅನೇಕರು ತಿಳಿದಿರುತ್ತಾರೆ. ವಿಚಾರಮಾಡಿ ನೋಡಿದರೆ ಇದೇ ಮೊದಲು ಹುಟ್ಟಿದ್ದು. ೧೯೮೧ರಲ್ಲಿ ಹೊರಬಂದ ಮೊದಲ ಐ.ಬಿ.ಎಂ. ಪಿ.ಸಿ. ಯಂತ್ರವನ್ನು ಹಾರ್ಡ್ ಡಿಸ್ಕ್ ಇಲ್ಲದೆಯೇ ಮಾರುತ್ತಿದ್ದರು. ತಂತ್ರಾಂಶವೂ ಬರೆದ ಕಡತವೂ ಫ್ಲಾಪಿಗಳಲ್ಲಿ ಇರುತ್ತಿದ್ದವು. ವರ್ಡ್‌ಸ್ಟಾರ್ ಬೇಕಾದವನು ಅದರ ಫ್ಲಾಪಿಯನ್ನು ತಂದು ಯಂತ್ರಕ್ಕೆ ಹಾಕಿ ಕೆಲಸ ಮುಗಿಸಿ, ಮತ್ತೆ ತೆಗೆದುಕೊಂಡು ಹೋಗುತ್ತಿದ್ದ. ಯಂತ್ರದೊಳಗೆ ಇವನ ಗುರುತು ಏನೂ ಉಳಿಯುತ್ತಿರಲಿಲ್ಲ. ಹಾರ್ಡ್ ಡಿಸ್ಕ್ ಸಾಮಾನ್ಯವಾದ ಮೇಲೆ, ವಿಂಡೋಸ್ ಬಂದ ಮೇಲೆ ತಂತ್ರಾಂಶಗಳು ಒಂದೊಂದಾಗಿ ನೆಲೆಯೂರಿದವು.

೨೦೦೦ದಲ್ಲಿ ಪೆನ್ ಡ್ರೈವುಗಳು ಮಾರುಕಟ್ಟೆಗೆ ಬಂದಾಗ ಐ.ಬಿ.ಎಂ. ಮಾರಿದ ಒಂದು ಡ್ರೈವಿನ ಅಳತೆ ೮ ಮೆಗಾಬೈಟ್. ೧.೪೪ ಮೆಗಾಬೈಟಿನ ಐದು ಫ್ಲಾಪಿಗಳಿಗೂ ಮಿಕ್ಕಿದ ಸಾಮಾನು ಒಂದು ಬೆರಳಿನಷ್ಟು ವಸ್ತುವಿನಲ್ಲಿ ಹಿಡಿಸಿತು. ೨೦೦೪ರಲ್ಲಿ ಅಮೆರಿಕದ ಜಾನ್ ಹ್ಯಾಲರ್ ಎಂಬವರು ಫೈರ್‌ಫಾಕ್ಸ್ ಬ್ರೌಸರನ್ನು ಪೆನ್ ಡ್ರೈವಿನಿಂದಲೇ ನಡೆಯುವಂತೆ ಅಳವಡಿಸಿದರು. ಅದು ಬೆಳೆದು ‘ಪೋರ್ಟಬಲ್‌ಆ್ಯಪ್ಸ್’ ಎಂಬ ದೊಡ್ಡ ಸಂಗ್ರಹವಾಯಿತು. ಇಂದು ಬರೆಹಕ್ಕೆ ಲಿಬ್ರೆಆಫೀಸ್, ಚಲನಚಿತ್ರಕ್ಕೆ ವಿ.ಎಲ್.ಸಿ., ಪುಸ್ತಕ ಓದಲು ಸುಮಾತ್ರಾ ಪಿ.ಡಿ.ಎಫ್., ಕಡತ ಕುಗ್ಗಿಸಲು ಸೆವೆನ್‌ಜಿಪ್, ಇವೆಲ್ಲ ಜಂಗಮ ರೂಪದಲ್ಲಿ ಉಚಿತವಾಗಿ ದೊರೆಯುತ್ತವೆ.

ಇದರ ಉಪಾಯ ಸರಳವಾದದ್ದು. ಮುಖ್ಯ ತಂತ್ರಾಂಶದ ಮುಂದೆ ಒಂದು ಚಿಕ್ಕ ದ್ವಾರಪಾಲಕ ತಂತ್ರಾಂಶವಿರುತ್ತದೆ. ಮುಖ್ಯ ತಂತ್ರಾಂಶವು ತನ್ನ ಏರ್ಪಾಡುಗಳನ್ನು ಯಂತ್ರದಲ್ಲಿ ಬರೆಯಲು ಹೊರಟಾಗ, ದ್ವಾರಪಾಲಕನು ಅದನ್ನು ಪೆನ್ ಡ್ರೈವಿನಲ್ಲಿರುವ ‘ಡೇಟಾ’ ಎಂಬ ಫೋಲ್ಡರಿನ ಕಡೆಗೆ ತಿರುಗಿಸುತ್ತಾನೆ. ರಿಜಿಸ್ಟ್ರಿಯಲ್ಲಿ ಬರೆಯಲೇಬೇಕಾದುದನ್ನು ತಾತ್ಕಾಲಿಕವಾಗಿ ಬರೆದು, ಕೆಲಸ ಮುಗಿದೊಡನೆ ಅಳಿಸುತ್ತಾನೆ. ಇನ್ನೊಂದು ಸೂಕ್ಷ್ಮವೂ ಉಂಟು. ಒಂದು ಯಂತ್ರದಲ್ಲಿ ಪೆನ್ ಡ್ರೈವಿಗೆ ‘ಇ’ ಎಂಬ ಅಕ್ಷರ ಸಿಕ್ಕಿದರೆ ಇನ್ನೊಂದರಲ್ಲಿ ‘ಎಫ್’ ಅಥವಾ ‘ಜಿ’ ಸಿಗಬಹುದು. ಆದುದರಿಂದ ಜಂಗಮ ತಂತ್ರಾಂಶವು ತನ್ನ ಕಡತಗಳನ್ನು ಪೂರ್ಣ ವಿಳಾಸದಿಂದ ಹುಡುಕದೆ, ‘ನಾನಿರುವ ಫೋಲ್ಡರಿನ ಪಕ್ಕದಲ್ಲಿ’ ಎಂಬ ರೀತಿಯಲ್ಲಿ ಹುಡುಕುವಂತೆ ರಚಿತವಾಗಿರಬೇಕು.

ಇದೇ ಕಾಲದಲ್ಲಿ ಸ್ಯಾನ್‌ಡಿಸ್ಕ್ ಮತ್ತು ಎಂ-ಸಿಸ್ಟಮ್ಸ್ ಕಂಪನಿಗಳು ‘ಯು-೩’ ಎಂಬ ಹೆಸರಿನಲ್ಲಿ ವಿಶೇಷ ಪೆನ್ ಡ್ರೈವುಗಳನ್ನು ಹೊರತಂದವು. ಅದಕ್ಕೆ ಒಗ್ಗುವ ತಂತ್ರಾಂಶಗಳನ್ನೇ ಅದರಲ್ಲಿ ಒಯ್ಯಬೇಕಾಗಿತ್ತು. ಕೆಲವೇ ವರ್ಷಗಳಲ್ಲಿ ಆ ಏರ್ಪಾಡು ನಿಂತುಹೋಯಿತು. ಯಾವ ಡ್ರೈವಿನಲ್ಲಾದರೂ ಇಡಬಹುದಾದ ಸಾಧಾರಣ ಫೋಲ್ಡರು ಮಾತ್ರ ಉಳಿಯಿತು. ಒಂದೇ ಕಂಪನಿಯ ಒಂದೇ ಸಾಧನಕ್ಕೆ ಕಟ್ಟುಬಿದ್ದದ್ದು ನಿಜವಾದ ಜಂಗಮವಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

೩. ಹಳೆಯ ಯಂತ್ರ, ಹೊಸ ಯಂತ್ರ

‘ಯಂತ್ರ ಹಳೆಯದು, ಪೋರ್ಟಬಲ್ ಹಾಕಿದರೆ ಬೇಗ ನಡೆಯುತ್ತದೆ’ ಎಂಬ ಮಾತನ್ನು ನಾನು ಪ್ರಯೋಗಾಲಯದಲ್ಲಿಯೂ ಅಂಗಡಿಗಳಲ್ಲಿಯೂ ಹಲವು ಸಲ ಕೇಳಿದ್ದೇನೆ. ಇದು ಅರ್ಧ ಸತ್ಯ. ನಡೆಯುವ ಹೊತ್ತಿನಲ್ಲಿ ಒಂದು ತಂತ್ರಾಂಶಕ್ಕೆ ಬೇಕಾಗುವ ಸ್ಮೃತಿ, ಎಂದರೆ ‘ರ‍್ಯಾಮ್’, ಅದು ಸ್ಥಾವರವಾದರೂ ಜಂಗಮವಾದರೂ ಹೆಚ್ಚುಕಡಮೆ ಒಂದೇ. ಎರಡು ಗಿಗಾಬೈಟ್ ಸ್ಮೃತಿಯ ಹಳೆಯ ಯಂತ್ರದಲ್ಲಿ ಹೊಸ ಬ್ರೌಸರಿನ ಹತ್ತು ಪುಟಗಳನ್ನು ತೆರೆದರೆ, ಅದು ಪೆನ್ ಡ್ರೈವಿನಿಂದ ಬಂದದ್ದೆಂಬ ಕಾರಣಕ್ಕೆ ಹಗುರವಾಗಲಾರದು. ಗಂಟು ಹೊತ್ತುಕೊಂಡು ಬಂದ ಮಾತ್ರಕ್ಕೆ ಅತಿಥಿಯ ಹಸಿವು ಕಡಮೆಯಾಗುವುದುಂಟೆ?

ಹಾಗಾದರೆ ಸತ್ಯವಾದ ಅರ್ಧ ಯಾವುದು? ಸ್ಥಾವರ ತಂತ್ರಾಂಶಗಳಲ್ಲಿ ಹಲವು, ಯಂತ್ರ ಎಚ್ಚರವಾದೊಡನೆ ತಾವೂ ಎದ್ದು ಹಿನ್ನೆಲೆಯಲ್ಲಿ ಕುಳಿತಿರುತ್ತವೆ. ಒಂದು ಹೊಸ ಆವೃತ್ತಿ ಬಂತೇ ಎಂದು ನೋಡುತ್ತದೆ. ಇನ್ನೊಂದು ತಾನು ಬೇಗ ತೆರೆಯಲೆಂದು ಮೊದಲೇ ಸಿದ್ಧವಾಗಿರುತ್ತದೆ. ಹಳೆಯ ಯಂತ್ರದಲ್ಲಿ ಇಂಥ ಹತ್ತು ಸೇರಿದರೆ ಕೆಲಸಕ್ಕೆ ಮೊದಲೇ ಅದು ದಣಿಯುತ್ತದೆ. ಜಂಗಮ ತಂತ್ರಾಂಶವು ಸಾಮಾನ್ಯವಾಗಿ ಕರೆದಾಗ ಬಂದು ಮುಗಿದಾಗ ಹೋಗುತ್ತದೆ. ಅದರ ನಿಜವಾದ ಪ್ರಯೋಜನ ಇಷ್ಟು.

ಆದರೆ ಜಂಗಮಕ್ಕೆ ತನ್ನದೇ ಆದ ನಿಧಾನವೂ ಉಂಟು. ಹಳೆಯ ಯಂತ್ರಗಳ ಯು.ಎಸ್.ಬಿ. ೨.೦ ಬಾಗಿಲಿನ ವೇಗ ಸೆಕೆಂಡಿಗೆ ಹೆಚ್ಚೆಂದರೆ ೪೮೦ ಮೆಗಾಬಿಟ್. ೨೦೦೮ರಲ್ಲಿ ನಿಗದಿಯಾದ ಯು.ಎಸ್.ಬಿ. ೩.೦ರಲ್ಲಿ ಅದು ೫ ಗಿಗಾಬಿಟ್. ಇವು ಕಾಗದದ ಮೇಲಿನ ಲೆಕ್ಕ. ಅಗ್ಗದ ಪೆನ್ ಡ್ರೈವುಗಳು ಒಂದು ದೊಡ್ಡ ಕಡತವನ್ನು ಸುಮಾರಾಗಿ ಓದಿದರೂ ಸಾವಿರಾರು ಚಿಕ್ಕ ಕಡತಗಳನ್ನು ಓದಿ ಬರೆಯುವಾಗ ತೆವಳುತ್ತವೆ. ಬ್ರೌಸರು ಮಾಡುವುದಾದರೋ ಅದನ್ನೇ. ಇದಕ್ಕೆ ಸುಲಭ ಪರಿಹಾರವೆಂದರೆ, ಇಡೀ ಫೋಲ್ಡರನ್ನು ಯಂತ್ರದ ಡೆಸ್ಕ್‌ಟಾಪಿಗೆ ನಕಲು ಮಾಡಿ, ಅಲ್ಲಿಂದ ನಡೆಸಿ, ಕೆಲಸವಾದ ಮೇಲೆ ಮತ್ತೆ ಪೆನ್ ಡ್ರೈವಿಗೆ ತಂದು ಅಲ್ಲಿಯದನ್ನು ಅಳಿಸುವುದು.

ಇನ್ನು ೩೨ ಬಿಟ್, ೬೪ ಬಿಟ್ ಎಂಬ ಭೇದ. ೬೪ ಬಿಟ್ಟಿನ ತಂತ್ರಾಂಶ ೩೨ ಬಿಟ್ಟಿನ ವಿಂಡೋಸಿನಲ್ಲಿ ನಡೆಯದು. ೩೨ರದು ೬೪ರಲ್ಲಿ ನಡೆಯುತ್ತದೆ. ೨೦೨೧ರಲ್ಲಿ ಬಂದ ವಿಂಡೋಸ್ ೧೧ರಲ್ಲಿ ೩೨ ಬಿಟ್ಟಿನ ಆವೃತ್ತಿಯೇ ಇಲ್ಲ. ಹಳೆಯ ಮತ್ತು ಹೊಸ ಯಂತ್ರಗಳೆರಡರಲ್ಲೂ ಸಂಚರಿಸುವವನು ೩೨ ಬಿಟ್ಟಿನ ಪ್ರತಿಯನ್ನು ಒಯ್ಯುವುದು ಮೇಲು. ಆದರೂ ವಿಂಡೋಸಿನ ವಯಸ್ಸು ಅಡ್ಡ ಬರುತ್ತದೆ. ಮೈಕ್ರೋಸಾಫ್ಟ್ ಸಂಸ್ಥೆಯ ಬೆಂಬಲವು ವಿಂಡೋಸ್ ಎಕ್ಸ್‌ಪಿಗೆ ೨೦೧೪ರ ಏಪ್ರಿಲ್ ೮ರಂದೂ, ವಿಂಡೋಸ್ ೭ಕ್ಕೆ ೨೦೨೦ರ ಜನವರಿ ೧೪ರಂದೂ ಮುಗಿಯಿತು. ವಿಂಡೋಸ್ ೧೦ರ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ರಂದು ಕೊನೆಗೊಂಡಿತು. ತಂತ್ರಾಂಶ ರಚಿಸುವವರೂ ಅದರ ಹಿಂದೆಯೇ ಕೈಬಿಡುತ್ತಾರೆ. ಕ್ರೋಮ್ ಬ್ರೌಸರಿನಲ್ಲಿ ವಿಂಡೋಸ್ ಎಕ್ಸ್‌ಪಿಗೆ ೪೯ನೆಯದೂ ವಿಂಡೋಸ್ ೭ಕ್ಕೆ ೧೦೯ನೆಯದೂ ಕೊನೆಯ ಆವೃತ್ತಿಗಳು. ಜಂಗಮವಾಗಿ ಒಯ್ದರೂ ಈ ಎಲ್ಲೆಯನ್ನು ದಾಟಲಾಗದು. ಕೆಲವು ಜಂಗಮ ತಂತ್ರಾಂಶಗಳು ತಮಗೆ ಬೇಕಾದ ಸಾಮಾನು ಯಂತ್ರದಲ್ಲಿ ಮೊದಲೇ ಇರುತ್ತದೆಂದು ನಂಬಿ ಬರುತ್ತವೆ. ಹಳೆಯ ಯಂತ್ರದಲ್ಲಿ ಅದಿಲ್ಲದೆ ‘ಇಂಥ ಡಿ.ಎಲ್.ಎಲ್. ಸಿಗಲಿಲ್ಲ’ ಎಂದು ಬಾಗಿಲಲ್ಲೇ ನಿಲ್ಲುತ್ತವೆ.

ಹೊಸ ಯಂತ್ರಗಳಲ್ಲಿ ತೊಡಕು ಬೇರೆ ಬಗೆಯದು. ೨೦೦೭ರ ವಿಂಡೋಸ್ ವಿಸ್ಟಾದಿಂದೀಚೆಗೆ, ‘ಪ್ರೋಗ್ರಾಂ ಫೈಲ್ಸ್’ ಫೋಲ್ಡರಿನಲ್ಲಿ ಬರೆಯಬೇಕಾದರೆ ಯಂತ್ರದ ಮೇಲ್ವಿಚಾರಕನ ಅನುಮತಿ ಬೇಕು. ಪ್ರಯೋಗಾಲಯದಲ್ಲಿ ಆ ಗುಪ್ತಪದ ವಿದ್ಯಾರ್ಥಿಗಳ ಬಳಿ ಇರುವುದಿಲ್ಲ, ಇರಲೂಬಾರದು. ಅಲ್ಲಿ ಜಂಗಮ ತಂತ್ರಾಂಶವು ಉಪಕಾರಿ. ಇದಲ್ಲದೆ ನಡುವಿನ ಮಾರ್ಗವೂ ಬೆಳೆದಿದೆ. ಕ್ರೋಮಿನಂಥ ತಂತ್ರಾಂಶವು ಇಡೀ ಯಂತ್ರದಲ್ಲಿ ನೆಲೆಸದೆ ಒಬ್ಬನ ಖಾತೆಯಲ್ಲಿ ಮಾತ್ರ ನೆಲೆಸಬಲ್ಲದು. ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನಲ್ಲಿ ಪ್ರತಿ ಆ್ಯಪಿಗೂ ಪ್ರತ್ಯೇಕವಾದ ಕೋಣೆಯುಂಟು. ಪಕ್ಕದ ಕೋಣೆಯ ಸಾಮಾನನ್ನು ಅದು ಮುಟ್ಟುವಂತಿಲ್ಲ. ಸ್ಥಾವರವೇ ಆದರೂ ಜಂಗಮದ ಶುಚಿತ್ವವನ್ನು ಕಲಿತ ಏರ್ಪಾಡಿದು.

೪. ಕನ್ನಡದ ವಿಶೇಷ ತೊಡಕು

ಇಂಗ್ಲಿಷಿನಲ್ಲಿ ಬರೆಯುವವನಿಗೆ ಇಲ್ಲಿಯವರೆಗಿನ ವಿಚಾರ ಸಾಕು. ಕನ್ನಡದಲ್ಲಿ ಬರೆಯುವ ನಮಗೆ ಸಾಲದು. ತಂತ್ರಾಂಶ ನಮ್ಮೊಡನೆ ಬಂದರೂ ಅಕ್ಷರ ಬಾರದೆ ಹೋಗಬಹುದು.

ಕಳೆದ ವರ್ಷ ನಡೆದ ಒಂದು ಸಂಗತಿಯನ್ನು ಹೇಳುತ್ತೇನೆ. ಅರಕಲಗೂಡಿನ ಕಡೆಯ ನನ್ನ ಸಹಪಾಠಿಯೊಬ್ಬರು ಹನ್ನೆರಡು ಪುಟಗಳ ಪ್ರಬಂಧವನ್ನು ಹಾಸನದಲ್ಲಿ ಕನ್ನಡದಲ್ಲಿ ಬೆರಳಚ್ಚು ಮಾಡಿ, ಪೆನ್ ಡ್ರೈವಿನಲ್ಲಿ ಊರಿಗೆ ಒಯ್ದರು. ಮರುದಿನ ಒಪ್ಪಿಸಬೇಕಾಗಿತ್ತು. ಅಲ್ಲಿನ ಅಂಗಡಿಯೊಂದರಲ್ಲಿ ಕಡತ ತೆರೆದರೆ ಒಂದಕ್ಷರ ಕನ್ನಡವಿಲ್ಲ. ಪುಟದ ತುಂಬ ರೋಮನ್ ಅಕ್ಷರಗಳು, ತಲೆಯ ಮೇಲೆ ಗೀಟು ಹಾಕಿದ ‘ಎ’ಗಳು, ನಡುನಡುವೆ ಪೌಂಡ್ ನಾಣ್ಯದ ಚಿಹ್ನೆ. ‘ನಮ್ಮತ್ರ ಈ ಫಾಂಟ್ ಇಲ್ಲ ಕಣಮ್ಮ, ಹಾಕೋಕೆ ಪಾಸ್‌ವರ್ಡ್ ಓನರ್ ಹತ್ರ ಇದೆ’ ಎಂದರಂತೆ ಅಂಗಡಿಯ ಹುಡುಗ. ಆಕೆ ಬೆಳಗಿನ ಮೊದಲ ಬಸ್ಸಿಗೆ ಸುಮಾರು ಮೂವತ್ತು ಕಿಲೋಮೀಟರು ಹಿಂತಿರುಗಿ ಬಂದು ಹಾಸನದಲ್ಲೇ ಮುದ್ರಿಸಿಕೊಂಡರು. ತಪ್ಪು ಆಕೆಯದಲ್ಲ, ಅಂಗಡಿಯವನದೂ ಅಲ್ಲ.

ಕಾರಣವನ್ನು ತಿಳಿಯಬೇಕಾದರೆ ಸ್ವಲ್ಪ ಚರಿತ್ರೆ ಬೇಕು. ಕೆ. ಪಿ. ರಾವ್ ಅವರು ಕನ್ನಡಕ್ಕೆ ಧ್ವನ್ಯಾನುಸಾರಿಯಾದ ಕೀಲಿಮಣೆ ವಿನ್ಯಾಸವನ್ನು ರೂಪಿಸಿದರು. ಇಂದು ನಾವು ‘ನುಡಿ’ಯಲ್ಲಿ ಬಳಸುವ ವಿನ್ಯಾಸಕ್ಕೆ ಅದೇ ಮೂಲ. ಶೇಷಾದ್ರಿವಾಸು ಅವರ ‘ಬರಹ’ವು ೧೯೯೮ರಲ್ಲಿ ಹೊರಬಂದಿತು. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ಯು ಸರ್ಕಾರಿ ಕಚೇರಿಗಳಲ್ಲಿ ಬಳಕೆಗೆ ಬಂದಿತು. ಕನ್ನಡವನ್ನು ಗಣಕಯಂತ್ರಕ್ಕೆ ತಂದು ಸಾಮಾನ್ಯರ ಕೈಗೆ ಕೊಟ್ಟ ಈ ಕೆಲಸಗಳಿಗೆ ನಾವು ಋಣಿಗಳು. ಆ ಕಾಲದ ಯಂತ್ರಗಳಲ್ಲಿ ಕನ್ನಡಕ್ಕೆ ಸ್ವಂತ ಸ್ಥಾನವಿರಲಿಲ್ಲವಾದ್ದರಿಂದ ಒಂದು ಉಪಾಯ ಹೂಡಬೇಕಾಯಿತು. ರೋಮನ್ ಅಕ್ಷರಗಳಿಗೂ ಚಿಹ್ನೆಗಳಿಗೂ ಮೀಸಲಾದ ಸಂಖ್ಯೆಗಳನ್ನೇ ಎರವಲು ತೆಗೆದುಕೊಂಡು, ಆ ಜಾಗದಲ್ಲಿ ಕನ್ನಡದ ಆಕಾರಗಳನ್ನು ಬರೆದ ಫಾಂಟುಗಳನ್ನು ಮಾಡಿದರು. ಇವನ್ನು ‘ಆನ್ಸಿ’ ಫಾಂಟುಗಳೆನ್ನುತ್ತಾರೆ. ಫಾಂಟ್ ಇರುವ ಯಂತ್ರದಲ್ಲಿ ‘ಕನ್ನಡ’ವೆಂದು ಕಾಣುವ ಪದವೇ, ಅದಿಲ್ಲದ ಯಂತ್ರದಲ್ಲಿ ‘ಪಿ’ಯಿಂದ ತೊಡಗಿ ನಡುವೆ ಪೌಂಡ್ ಚಿಹ್ನೆಯುಳ್ಳ ಅರ್ಥಹೀನ ಸಾಲಾಗಿ ತೋರುತ್ತದೆ. ಏಕೆಂದರೆ ಕಡತದೊಳಗೆ ನಿಜವಾಗಿ ಇರುವುದು ಅದೇ. ಕನ್ನಡವಿದ್ದದ್ದು ಫಾಂಟಿನಲ್ಲಿ, ಫಾಂಟೋ ಯಂತ್ರದಲ್ಲಿ ನೆಲೆಗೊಂಡ ಸ್ಥಾವರ.

ಯೂನಿಕೋಡ್ ಎಂಬ ವ್ಯವಸ್ಥೆ ಈ ಎರವಲನ್ನು ತಪ್ಪಿಸಿತು. ೧೯೯೧ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ೩೨೦೦ರಿಂದ ೩೩೨೭ರವರೆಗೆ ೧೨೮ ಸ್ಥಾನಗಳು ಮೀಸಲಾದವು. ‘ಕನ್ನಡ’ವೆಂಬ ಪದ ಈ ಪದ್ಧತಿಯಲ್ಲಿ ೩೨೨೧, ೩೨೪೦, ೩೨೭೭, ೩೨೪೦, ೩೨೩೩ ಎಂಬ ಐದು ಸಂಖ್ಯೆಗಳು: ಕ, ನ, ವಿರಾಮ ಚಿಹ್ನೆಯಾದ ಅರ್ಧಾಕ್ಷರ ಸೂಚಕ, ಮತ್ತೆ ನ, ಕೊನೆಗೆ ಡ. ಹೊಳೆನರಸೀಪುರದ ಅಂಗಡಿಯಲ್ಲಾಗಲಿ ಹೊರದೇಶದಲ್ಲಾಗಲಿ ೩೨೨೧ ಎಂದರೆ ‘ಕ’ವೇ, ಪೌಂಡ್ ಚಿಹ್ನೆಯಾಗಲಾರದು. ೨೦೦೧ರ ವಿಂಡೋಸ್ ಎಕ್ಸ್‌ಪಿಯೊಡನೆ ‘ತುಂಗಾ’ ಎಂಬ ಕನ್ನಡ ಫಾಂಟ್ ಬಂದಿತು. ಆದರೆ ಒತ್ತಕ್ಷರಗಳು ಸರಿಯಾಗಿ ಕೂಡಬೇಕಾದರೆ ಅದರಲ್ಲಿ ಭಾರತೀಯ ಲಿಪಿಗಳ ಬೆಂಬಲವನ್ನು ಬೇರೆಯಾಗಿ ಹಾಕಿಕೊಳ್ಳಬೇಕಾಗಿತ್ತು. ಅದಕ್ಕೆ ವಿಂಡೋಸಿನ ಸಿ.ಡಿ. ಬೇಕಾಗುತ್ತಿತ್ತು. ವಿಸ್ಟಾದಿಂದೀಚೆಗೆ ಆ ಕಷ್ಟವಿಲ್ಲ. ೨೦೧೯ರಲ್ಲಿ ವಿಂಡೋಸ್ ೧೦ಕ್ಕೆ ಕನ್ನಡದ ಧ್ವನ್ಯಾನುಸಾರಿ ಕೀಲಿಮಣೆಯೂ ಸೇರಿತು. ನುಡಿ, ಬರಹಗಳ ಈಚಿನ ಆವೃತ್ತಿಗಳಲ್ಲಿಯೂ ಯೂನಿಕೋಡಿನಲ್ಲಿ ಬರೆಯುವ ಸೌಕರ್ಯವುಂಟು. ಹಳೆಯ ಕಡತಗಳನ್ನು ಪರಿವರ್ತಿಸುವ ಸಾಧನಗಳೂ ಉಂಟು.

ಹಾಗಿದ್ದರೂ ಹಳೆಯ ಪದ್ಧತಿ ನಮ್ಮ ಸುತ್ತ ಉಳಿದಿದೆ. ಹಲವು ಮುದ್ರಣಾಲಯಗಳು ಇಂದಿಗೂ ಆನ್ಸಿ ಫಾಂಟಿನ ಕಡತವನ್ನೇ ಕೇಳುತ್ತವೆ. ಅಂಥಲ್ಲಿ ಪಿ.ಡಿ.ಎಫ್. ರೂಪ ನಮ್ಮನ್ನು ಕಾಪಾಡುತ್ತದೆ. ೧೯೯೩ರಲ್ಲಿ ಅಡೋಬಿ ಸಂಸ್ಥೆ ಹೊರತಂದ ಈ ರೂಪದಲ್ಲಿ, ಫಾಂಟಿನ ಆಕಾರಗಳನ್ನು ಕಡತದೊಳಗೇ ಬುತ್ತಿಯಂತೆ ಕಟ್ಟಿಡಬಹುದು. ನನ್ನ ಸಹಪಾಠಿಯು ಹಾಸನದಲ್ಲಿಯೇ ಪಿ.ಡಿ.ಎಫ್. ಮಾಡಿ ಒಯ್ದಿದ್ದರೆ ಅಂಗಡಿಯಲ್ಲಿ ಫಾಂಟ್ ಇಲ್ಲದೆಯೂ ಮುದ್ರಣವಾಗುತ್ತಿತ್ತು. ಇದನ್ನು ಆಕೆಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಮಗೆ ಹೇಳಿಕೊಟ್ಟವರೂ ಕಡಮೆ. ಆದರೆ ಪಿ.ಡಿ.ಎಫ್. ಮುದ್ರಿಸಲು ಯೋಗ್ಯ, ತಿದ್ದಲು ಯೋಗ್ಯವಲ್ಲ. ಆನ್ಸಿಯಿಂದ ಮಾಡಿದ ಪಿ.ಡಿ.ಎಫ್.ನಲ್ಲಿ ಕನ್ನಡ ಪದವನ್ನು ಹುಡುಕಿದರೂ ಸಿಗದು.

೫. ಜಂಗಮದ ದೋಷಗಳು

ಊರಿಗೆ ಬಂದವಳು ನೀರಿಗೆ ಬಾರದಿರುವಳೆ ಎಂಬ ಗಾದೆಯಂತೆ, ಹತ್ತು ಯಂತ್ರಗಳಿಗೆ ಹೋಗುವ ಪೆನ್ ಡ್ರೈವು ಒಂದಲ್ಲ ಒಂದು ದಿನ ರೋಗವನ್ನೂ ಅಂಟಿಸಿಕೊಂಡು ಬರುತ್ತದೆ. ೨೦೦೮ರಲ್ಲಿ ಲೋಕವನ್ನೆಲ್ಲ ಕಾಡಿದ ‘ಕಾನ್‌ಫಿಕರ್’ ಎಂಬ ವೈರಸ್ಸು ಹರಡಿದ ದಾರಿಗಳಲ್ಲಿ ಪೆನ್ ಡ್ರೈವೂ ಒಂದು. ಡ್ರೈವನ್ನು ಸಿಕ್ಕಿಸಿದೊಡನೆ ತಂತ್ರಾಂಶ ತಾನೇ ನಡೆಯುವ ‘ಆಟೋರನ್’ ಸೌಕರ್ಯವೇ ಅದಕ್ಕೆ ದಾರಿಯಾಯಿತು. ೨೦೧೧ರಲ್ಲಿ ಮೈಕ್ರೋಸಾಫ್ಟ್ ಹಳೆಯ ವಿಂಡೋಸುಗಳಲ್ಲಿಯೂ ಪೆನ್ ಡ್ರೈವುಗಳ ಮಟ್ಟಿಗೆ ಅದನ್ನು ನಿಲ್ಲಿಸಿತು. ಆದರೂ ನಿಜವಾದ ಫೋಲ್ಡರುಗಳನ್ನು ಮರೆಮಾಡಿ ಅವುಗಳ ಹೆಸರಿನ ‘ಶಾರ್ಟ್‌ಕಟ್’ಗಳನ್ನು ಮುಂದಿಡುವ ವೈರಸ್ಸುಗಳ ಕಾಟ ಆಮೇಲೂ ಉಳಿಯಿತು.

ಎರಡನೆಯ ದೋಷ, ಗುರುತು ಉಳಿಯುವುದಿಲ್ಲವೆಂಬ ತಪ್ಪು ನಂಬಿಕೆ. ಈಚೆಗೆ ತೆರೆದ ಕಡತಗಳ ಪಟ್ಟಿ, ಸಿಕ್ಕಿಸಿದ ಡ್ರೈವಿನ ವಿವರ ಇವನ್ನು ವಿಂಡೋಸ್ ತಾನಾಗಿಯೇ ಬರೆದುಕೊಳ್ಳುತ್ತದೆ. ಮೂರನೆಯದು ಗುಪ್ತಪದಗಳ ವಿಷಯ. ಕ್ರೋಮ್ ಉಳಿಸಿದ ಗುಪ್ತಪದಗಳ ಬೀಗವು ಆ ಯಂತ್ರದ ಖಾತೆಗೆ ಅಂಟಿಕೊಂಡದ್ದು. ಬೇರೆ ಯಂತ್ರಕ್ಕೆ ಒಯ್ದರೆ ಅವು ತೆರೆಯುವುದಿಲ್ಲ. ಫೈರ್‌ಫಾಕ್ಸಿನವು ತೆರೆಯುತ್ತವೆ, ಆದರೆ ಮುಖ್ಯ ಗುಪ್ತಪದವೊಂದನ್ನು ಹಾಕದಿದ್ದರೆ ಬಸ್ಸಿನಲ್ಲಿ ಬಿದ್ದುಹೋದ ಡ್ರೈವು ಸಿಕ್ಕವನಿಗೂ ತೆರೆಯುತ್ತವೆ. ನಾಲ್ಕನೆಯದು, ಜಂಗಮವನ್ನು ಹೊಸದುಮಾಡುವ ಹೊಣೆ ಬಹುಮಟ್ಟಿಗೆ ನಮ್ಮದೇ. ವರ್ಷಗಟ್ಟಲೆ ಹಳೆಯ ಬ್ರೌಸರನ್ನು ಹೊತ್ತು ತಿರುಗುವುದು ಅಪಾಯ. ಹಣ ಕೊಟ್ಟು ಕೊಳ್ಳಬೇಕಾದ ತಂತ್ರಾಂಶಗಳನ್ನು ಯಾರೋ ಒಡೆದು ‘ಪೋರ್ಟಬಲ್’ ಎಂಬ ಹೆಸರಿನಲ್ಲಿ ಹಂಚುವುದೂ ಉಂಟು. ಅದು ಕಾನೂನಿಗೆ ವಿರುದ್ಧ. ಅದರೊಳಗೆ ಇನ್ನೇನನ್ನು ಸೇರಿಸಿದ್ದಾರೋ ಬಲ್ಲವರಾರು?

ಸ್ಥಾವರವೇ ಆಗಬೇಕಾದ ತಂತ್ರಾಂಶಗಳೂ ಕೆಲವುಂಟು. ಪ್ರಿಂಟರಿನ ಚಾಲಕ, ವೈರಸ್ ಕಾವಲು ಇವು ಯಂತ್ರದ ಒಡಲೊಳಗೆ ಕೆಲಸಮಾಡುವಂಥವು; ಇವನ್ನು ಜೇಬಿನಲ್ಲಿಟ್ಟು ಒಯ್ಯುವಂತಿಲ್ಲ. ತನ್ನದೇ ಯಂತ್ರವುಳ್ಳವನು ದಿನನಿತ್ಯದ ತಂತ್ರಾಂಶಗಳನ್ನು ಸ್ಥಾವರವಾಗಿ ಇಟ್ಟುಕೊಳ್ಳುವುದೇ ಲೇಸು. ಅವು ಬೇಗ ತೆರೆಯುತ್ತವೆ, ಬಹುಪಾಲು ತಾವಾಗಿಯೇ ಹೊಸದಾಗುತ್ತವೆ.

೬. ಸಹಪಾಠಿಗಳಿಗೆ ಕೆಲವು ಸೂಚನೆಗಳು

(೧) ಪ್ರಯೋಗಾಲಯದಲ್ಲಿ ಜಂಗಮ ತಂತ್ರಾಂಶವನ್ನು ನಡೆಸುವ ಮೊದಲು ಅಧ್ಯಾಪಕರನ್ನೋ ಸಹಾಯಕರನ್ನೋ ಕೇಳಿರಿ. ಯಂತ್ರ ನಮ್ಮದಲ್ಲ, ಗುಪ್ತಪದವಿಲ್ಲದೆ ನಡೆಯುತ್ತದೆಂಬುದು ಅನುಮತಿಯಲ್ಲ.

(೨) ತಂತ್ರಾಂಶವನ್ನು ಅದನ್ನು ರಚಿಸಿದವರ ಸ್ವಂತ ತಾಣದಿಂದಲೇ ತನ್ನಿರಿ.

(೩) ಎಲ್ಲವನ್ನೂ ಹೊರಬೇಡಿರಿ. ಬರೆಯಲು ಒಂದು, ಓದಲು ಒಂದು, ಇವೆರಡಿದ್ದರೆ ಬಿ.ಎ. ವಿದ್ಯಾರ್ಥಿಯ ಹೆಚ್ಚಿನ ಕೆಲಸ ನಡೆದುಹೋಗುತ್ತದೆ.

(೪) ಕನ್ನಡವನ್ನು ಯೂನಿಕೋಡಿನಲ್ಲಿ ಬರೆಯಿರಿ. ಮುದ್ರಣಕ್ಕೆ ಕೊಡುವಾಗ ಮೂಲ ಕಡತದ ಜೊತೆಗೆ ಪಿ.ಡಿ.ಎಫ್. ಪ್ರತಿಯನ್ನೂ ಒಯ್ಯಿರಿ.

(೫) ಡ್ರೈವನ್ನು ಕೀಳುವ ಮೊದಲು ತಂತ್ರಾಂಶವನ್ನು ಮುಚ್ಚಿ, ‘ಇಜೆಕ್ಟ್’ ಮಾಡಿರಿ. ಬರೆಯುವುದು ಮುಗಿಯದೆ ಕಿತ್ತರೆ ಕಡತ ಹಾಳಾಗುತ್ತದೆ.

(೬) ಒಂದು ಪ್ರತಿಯನ್ನು ಇನ್ನೆಲ್ಲಾದರೂ ಇಡಿರಿ. ಇಂಟರ್‌ನೆಟ್ ಸಿಕ್ಕಿದಾಗ ನಿಮಗೇ ಒಂದು ಇ-ಮೇಲ್ ಕಳುಹಿಸಿಕೊಂಡರೂ ಸಾಕು.

ಉಪಸಂಹಾರ

ಸ್ಥಾವರ ಮೇಲೋ ಜಂಗಮ ಮೇಲೋ 
ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಯಂತ್ರ ಯಾರದು, ಅದರ ವಯಸ್ಸೆಷ್ಟು, ಮಾಡಬೇಕಾದ ಕೆಲಸ ಯಾವುದು ಎಂಬುದನ್ನು ನೋಡಿ ತೀರ್ಮಾನಿಸಬೇಕು. ಸ್ವಂತ ಯಂತ್ರವಿಲ್ಲದವನಿಗೆ ಜಂಗಮ ತಂತ್ರಾಂಶವು ದೊಡ್ಡ ಆಸರೆಯೆಂಬುದರಲ್ಲಿ ಸಂಶಯವಿಲ್ಲ. ಆದರೆ ತಂತ್ರಾಂಶ ಇಂದು ಬಂದು ನಾಳೆ ಹೋಗುವಂಥದು. ವರ್ಡ್‌ಸ್ಟಾರ್ ಹೋಯಿತು, ಫ್ಲಾಪಿ ಹೋಯಿತು, ಯು-೩ ಹೋಯಿತು. ಹೋಗಬಾರದ್ದು ನಾವು ಬರೆದದ್ದು. ಒಂದೇ ಫಾಂಟಿಗೂ ಒಂದೇ ಯಂತ್ರಕ್ಕೂ ಕಟ್ಟುಬೀಳದ ರೂಪದಲ್ಲಿ ಬರೆಹವನ್ನು ಇಟ್ಟುಕೊಂಡವನಿಗೆ ಹಾಸನದ ಪ್ರಯೋಗಾಲಯವೂ ಒಂದೇ, ಚನ್ನರಾಯಪಟ್ಟಣದ ಅಂಗಡಿಯೂ ಒಂದೇ. ಇಷ್ಟನ್ನು ಮೊದಲ ವರ್ಷದ ತರಗತಿಯಲ್ಲಿಯೇ ಒಂದು ಗಂಟೆ ಕೂರಿಸಿ ಹೇಳಿಕೊಟ್ಟರೆ, ನಮ್ಮ ಹಿಂದೆ ಬರುವ ತಮ್ಮ ತಂಗಿಯರು ಅಕ್ಷರಕ್ಕಾಗಿ ಬಸ್ ಹಿಡಿಯುವ ಶ್ರಮ ತಪ್ಪೀತು.